ಮುಚ್ಚಳದ ಮೇಲಿನ ಉಬ್ಬು

ಮಾರ್ಚ್ ೯, ಭಾನುವಾರ

ನಾನು ಉಜ್ಜಿ ತೆಗೆದ ಉಬ್ಬೊಂದು ಮನಸ್ಸಿನಿಂದ ಹೋಗುತ್ತಿಲ್ಲ. ನನ್ನ ಹೆಂಡತಿಯ ತಮ್ಮ ಹಿಂದೆ ಪರೀಕ್ಷಾರ್ಥವಾಗಿ ಹಾರಿಸಿದ ವಿಮಾನದ ಪುಟ್ಟ ಮಾದರಿಯನ್ನು ಅವನಿಗಾಗಿಯೇ ಜೋಡಿಸುತ್ತಿದ್ದೇನೆ. ಕೆಲವೇ ಪ್ರತಿಗಳು ಬಂದ ಈ ಬಿಡಿಭಾಗಗಳ ಕಿಟ್‌ನಲ್ಲಿ ದೋಷಗಳು ಹೇರಳ. ವಿಮಾನದ ಗಿಡ್ಡ ಮೂಗನ್ನು ಸರಿಪಡಿಸಿದೆ. ಪೈಲಟ್ ಆಸನದ ಮೇಲಿನ ಮುಚ್ಚಳದಲ್ಲಿದ್ದ, ನಕ್ಷೆಯಲ್ಲಿಲ್ಲದ ಉಬ್ಬನ್ನೂ ನುಣ್ಣಗೆ ಉಜ್ಜಿದೆ.

ಈಗ ಕಣ್ಣು ಕಾಣದ ಅವನು ಇಂದು ಮಾದರಿಯನ್ನು ಬೆರಳಿನಿಂದ ಸವರಿದ. ಮೂಗು ಮುಟ್ಟಿ ಮುಗುಳ್ನಕ್ಕ. ಮುಚ್ಚಳದ ಮೇಲೆ ಕೈ ನಿಂತಿತು.

"ಭಾವ, ಇಲ್ಲೊಂದು ಉಬ್ಬಿತ್ತಲ್ಲ? ನಾನು ಉದ್ದ, ತಲೆ ತಾಗುತ್ತೆ ಅಂತ ಆಮೇಲೆ ಮಾಡಿಸಿದ್ರು. ನನ್ನ ತಲೇನೇ ಉಜ್ಜಿಬಿಟ್ರಾ?"

"ಮೇಷ್ಟ್ರಲ್ವಾ, ಎದ್ದು ಕಂಡಿದ್ದನ್ನೆಲ್ಲ ಅಳಿಸ್ತಾರೆ," ಎಂದಳು ನನ್ನ ಹೆಂಡತಿ.

ನಾನೂ ನಕ್ಕೆ. ನಾಳೆ ಅವನ ಬೆರಳು ತೋರಿದಲ್ಲೇ ಹೊಸ ಉಬ್ಬನ್ನು ಕಟ್ಟಬೇಕು. ನನ್ನನ್ನು ತಿದ್ದಲು ಆ ತಲೆ ಅಂದಿನ ಹಾರಾಟಗಳಿಂದ ಕ್ಷೇಮವಾಗಿ ನೆಲಕ್ಕಿಳಿದು ಬಂದಿತಲ್ಲ, ಅದೇ ದೊಡ್ಡದು.