ಅಬ್ಬಾನ ಬನಿಯನ್ ದಾನಕ್ಕಿಲ್ಲ

ನೂರೀನ ಆಪಾ,

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಬನಿಯನ್ ಹರಿದರೆ ಮಾತ್ರ ಮನೆಯಲ್ಲೇ ಉಳಿಯಿತು, ನೆಲ ಒರೆಸಲಿಕ್ಕೆ. ಮುಂದಿನದು ಖರೆ ಕಥೆ, ಕೇಳು.

ದಾನಕ್ಕೆಂದು ನೀನು ಕಟ್ಟಿಟ್ಟ ಅಬ್ಬಾನ ಬಟ್ಟೆಯ ಗಂಟು ಈಗ ಗಂಟಾಗಿ ಉಳಿದಿಲ್ಲ. ನನ್ನನ್ನು ಬೈಯಬೇಡ, ಬಿಚ್ಚಿದವಳು ಅಮ್ಮಿ. ಅಂಗಿ, ಕೋಟು ಕೊಡು. ಬೆಟಗೇರಿಯ ದಪ್ಪ ಹತ್ತಿ ಬಟ್ಟೆಯಲ್ಲಿ ಹೊಲಿಸಿದ ಬನಿಯನ್‌ಗಳನ್ನು ಕೊಡಬೇಡ. ಒಂದನ್ನು ಸ್ವೆಟರಿನೊಳಗೆ ಹಾಕಿಕೊಂಡೇ ಮುಂಡರಗಿ ಬಸ್ಸಿಗೆ ಹೊರಟಿದ್ದೇನೆ. ಉಣ್ಣೆ ಚುಚ್ಚುತ್ತಿಲ್ಲ.

ಅಬ್ಬಾ ತೀರಿಕೊಂಡಾಗಿನಿಂದ ಅಮ್ಮಿ ಅತ್ತಿರಲಿಲ್ಲ, ಮಾತಾಡಿರಲಿಲ್ಲ. ನನಗೂ ಏನೂ ಅನ್ನಿಸುತ್ತಿರಲಿಲ್ಲ. ತಣ್ಣೀರು ಸುರಿದುಕೊಂಡರೂ ಚಳಿ ಗೊತ್ತಾಗುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಬಚ್ಚಲಿನಿಂದ, ನನ್ನ ಹಳೇ ಚಾಳಿ, ಅಬ್ಬಾನ ದನಿಯಲ್ಲೇ ಕೂಗಿಬಿಟ್ಟೆ: "ಏ ಖಾತುನ್, ಬನಿಯನ್ ಮರತು ಬಂದೇನಿ, ಜಲ್ದಿ ತಾ."

ಕೂಗಿ ನಾಲಿಗೆ ಕಚ್ಚಿಕೊಂಡೆ. ಹೊರಗೆ ಅಮ್ಮಿ ಗಂಟು ಬಿಚ್ಚುವ ಸದ್ದಾಯಿತು. ಆಮೇಲೆ ಬಾಗಿಲ ಮೇಲೆ ಬನಿಯನ್ ಬಂದು ಬಿತ್ತು, ದಿನವೂ ಅಬ್ಬಾನಿಗೆ ಬೀಳುತ್ತಿದ್ದ ಹಾಗೆಯೇ.

ಅದನ್ನೇ ತೊಟ್ಟು ಹೊರಬಂದೆ. ತೊಡೆ ದಾಟಿ ಜೋಲುತ್ತಿತ್ತು. ಅಮ್ಮಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ದನಿ ಅಬ್ಬಾಂದು, ಎದಿ ಗುಬ್ಬೀದು," ಅಂದಳು.

ಈಗ ಮಲಗಿದ್ದಾಳೆ. ನೈಟ್ ಡ್ಯೂಟಿ ಮುಗಿಸಿ ಬಂದು ನೀನು ಬಾಗಿಲು ಬಡಿದು ಎಬ್ಬಿಸಬೇಡ. ಬುಟ್ಟಿಯಲ್ಲಿ ರೊಟ್ಟಿ ಇದೆ. ಬನಿಯನ್ ಒಗೆದರೆ ನೆರಳಲ್ಲಿ ಒಣಹಾಕು. ಪಕ್ಕದ ಮನೆ ಸುಮಿತ್ರವ್ವ ಏನಾಯಿತೆಂದು ಕೇಳಿದರೆ ಗಾಬರಿಯಾಗಬೇಡ. ನಾನೂ ನಕ್ಕೆ, ಆದರೆ ಗೋಡೆಯಾಚೆ ಕೇಳಿಸಿದ್ದು ಅಮ್ಮಿಯ ನಗು.

ನಯಾಜ