ಹಬೀಬ್ ಸಾಬರ ಉರ್ದು ಸೈನು

ಮಧುಗಿರಿ
೧೧ ಜನವರಿ ೨೦೨೫

ನನ್ನ ಗೌಹರ್‌ಗೆ,

ನಿನ್ನ ಚನ್ನಿಯ ಶರಣು, ಜೊತೆಗೊಂದು ಸಲಾಮು. ಫೋನಿದ್ದೂ ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನು ಬಂತು ಅಂತ ಬೈದುಕೊಳ್ಳಬೇಡ. ಫೋನಿನಲ್ಲಿ ಕೇಳಿದರೆ ನೀನು ಹಿಂದೆಮುಂದೆ ನೋಡದೆ ಆಗಲಿ ಅಂದುಬಿಡುತ್ತೀಯ. ಇದು ಹಾಗೆ ಒಪ್ಪಿಕೊಳ್ಳುವ ವಿಷಯವಲ್ಲ.

ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಕಡಲೆಕಾಯಿ ಹುರಿಯುತ್ತಾ ಕೂತಿದ್ದೆ. ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ಸಿರಾದ ಗೋದಾಮು ಕಣ್ಣ ಮುಂದೆ ಬಂತು. ನಮ್ಮಪ್ಪ, ನಿಮ್ಮ ಅಬ್ಬಾ ಇಬ್ಬರೂ ಸೇರಿ ಕಡಲೆಕಾಯಿ ವ್ಯಾಪಾರ ಮಾಡುತ್ತಿದ್ದ ಕಾಲ. ರಾಶಿಯ ಮೇಲೆ ನಾವಿಬ್ಬರೂ ಜಾರಿ ಜಾರಿ ಲಂಗ ಹರಿದುಕೊಳ್ಳುತ್ತಿದ್ದೆವು. ನಿಮ್ಮ ಅಬ್ಬಾ ಹಬೀಬ್ ಸಾಬರು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ನಾನೂ ಹಾಗೇ ಅಲ್ಲಾಡಿಸಿ, ಏನೂ ಗೊತ್ತಾಗದಿದ್ದರೂ ತಲೆಯಾಡಿಸುತ್ತಿದ್ದೆ. ಅಷ್ಟು ಸುಖವಾಗಿ ನಾನು ಮತ್ತೆಲ್ಲೂ ಇರಲಿಲ್ಲ ಕಣೇ.

ಅಪ್ಪ ಹೋಗಿ ಎರಡು ವರ್ಷವಾಯಿತು. ಬ್ಲೌಸಿನ ಅಳತೆ ಬಿಟ್ಟರೆ ಬೇರೇನೂ ತಲೆಗೆ ಹತ್ತದ ನಾನು ಈಗ ಕಾನೂನು ಕಲಿಯುತ್ತಿದ್ದೇನೆ. ಈ ಮನೆಯನ್ನು ಅಪ್ಪ ನನ್ನ ಹೆಸರಿಗೆ ಉಯಿಲು ಬರೆದಿದ್ದರು. ಗಂಡನ ಮನೆ ಬಿಟ್ಟು ಬಂದವಳು, ಮುಂದಿನ ಕೋಣೆಯಲ್ಲಿ ಹೊಲಿಗೆ ಕಲಿಸಿ ಬದುಕುವವಳು, ಇವಳಿಗೊಂದು ಸೂರಿರಲಿ ಅಂತ. ತಮ್ಮ ಪ್ರಭುದೇವ್‌ಗೆ ಸಿರಾದ ಗೋದಾಮನ್ನು ಬದುಕಿದ್ದಾಗಲೇ ಬರೆದುಕೊಟ್ಟಿದ್ದರು. ಈಗ ಅವನು ಉಯಿಲೇ ಸುಳ್ಳು, ಮನೆಯಲ್ಲೂ ಅರ್ಧ ನನ್ನದು ಅನ್ನುತ್ತಿದ್ದಾನೆ. ಉಯಿಲು ಬಿದ್ದುಹೋದರೆ ಮನೆ ಮಾರಬೇಕು, ನನ್ನ ಅರ್ಧದಲ್ಲಿ ಈ ಊರಲ್ಲಿ ಒಂದು ಕೋಣೆಯೂ ಬರುವುದಿಲ್ಲ.

ನನ್ನ ವಕೀಲರು ವೃಷಭೇಂದ್ರಪ್ಪ. ಒಂದು ಮಾತು ಕೇಳಿದರೆ ಪುರಾಣ ಓದುತ್ತಾರೆ, ಆದರೆ ಒಳ್ಳೆಯವರು. ಉಯಿಲಿಗೆ ಛಾಪಾಕಾಗದ ಬೇಡವಂತೆ, ಬಿಳಿ ಹಾಳೆ ಸಾಕಂತೆ. ರಿಜಿಸ್ಟರ್ ಮಾಡಿಸಿದರೆ ಒಳ್ಳೆಯದು, ಕಡ್ಡಾಯವಲ್ಲ. ಪ್ರೊಬೇಟ್ ಅಂದರೆ ಉಯಿಲು ನಿಜವೆಂದು ಕೋರ್ಟು ಒತ್ತುವ ಮುದ್ರೆಯಂತೆ. ನಮ್ಮ ಸೀಮೆಯಲ್ಲಿ ಅದಿಲ್ಲದೆಯೂ ನಡೆಯುತ್ತದೆ, ಆದರೆ ತಕರಾರು ಬಂದರೆ ರುಜುವಾತು ಮಾಡುವುದು ತಪ್ಪಿದ್ದಲ್ಲ. ಉಯಿಲಿಗೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರಾದರೂ ಬಂದು ಅಪ್ಪನ ಹೆಸರು ಹಿಡಿದು, ನನ್ನ ಕಣ್ಣೆದುರೇ ರೇಣುಕಯ್ಯನವರು ಸೈನು ಮಾಡಿದರು ಅನ್ನಬೇಕು. ಸಾಕ್ಷಿಗಳು ಯಾರು ಅಂತ ವಕೀಲರು ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

ಅಪ್ಪ ಎಡವಿದ್ದೇ ಅಲ್ಲಿ. ಉಯಿಲು ಬರೆದ ದಿನ ಪಕ್ಕದ ಮನೆಯ ಗೌರೀಶ್ ಇಲ್ಲೇ ಇದ್ದ. ಬ್ಯಾಂಕಿನ ಹುಡುಗ, ಜೇಬಿನಲ್ಲಿ ಪೆನ್ನು. ಅಪ್ಪ ಅವನ ಪೆನ್ನು ಇಸಕೊಂಡು ಅವನನ್ನು ಕೆಲಸಕ್ಕೆ ಕಳಿಸಿಬಿಟ್ಟರು. ಅವನೇ ಸಾಕ್ಷಿ ಹಾಕಬಹುದಿತ್ತಲ್ಲ ಅಂತ ನಾನು ಅಂದದ್ದಕ್ಕೆ, "ಮೀಸೆ ಬಲೀದಿರೋ ಹೈಕ್ಳ ಸೈನಿಗೆ ಏನ್ ತೂಕ ಐತಮ್ಮ? ಹಿರೀಕ್ರು ಹಾಕ್ಲಿ ಬುಡು" ಅಂದರು. ಮದುವೆ ಮಾತಾಗಲಿ, ಪಾಲುಪಟ್ಟಿಯಾಗಲಿ, ಊರಿನ ಅತೀ ಹಿರಿಯರ ಕೈಯೇ ಬೀಳಬೇಕು ಅನ್ನುವ ಕಾಲದವರು ಅವರು. ಹುಡುಕಿ ಹುಡುಕಿ ತಮಗಿಂತ ದೊಡ್ಡವರನ್ನೇ ಕರೆಸಿದರು. ಗೌಡಗೆರೆಯ ಶಂಕರಲಿಂಗಪ್ಪನವರು, ಸಿರಾದಿಂದ ನಿಮ್ಮ ಅಬ್ಬಾ. ಇಬ್ಬರೂ ಅಪ್ಪನಿಗಿಂತ ಮುಂಚೆಯೇ ಹೊರಟುಹೋದರು. ಸಾಕ್ಷಿಗಳು ನಮಗಿಂತ ಚಿಕ್ಕವರಾಗಿರಬೇಕು, ನಮ್ಮ ನಂತರವೂ ಬದುಕಿರಬೇಕು ಅನ್ನುವುದನ್ನು ನಾನು ಕಲಿತದ್ದು ಹೀಗೆ. ಉರಿಯುವ ಒಲೆಯ ಮುಂದೆ ಕೂತು ಬೆಂಕಿ ಸುಡುತ್ತದೆ ಅಂತ ಕಲಿತ ಹಾಗೆ.

ಸಾಕ್ಷಿಗಳು ತೀರಿಹೋಗಿದ್ದರೆ ಇನ್ನೊಂದು ದಾರಿಯಿದೆ. ಅವರಲ್ಲಿ ಒಬ್ಬರ ಕೈಬರಹವನ್ನು ಚೆನ್ನಾಗಿ ಬಲ್ಲವರು ಬಂದು, ಇದು ಅವರದೇ ಸೈನು ಅನ್ನಬೇಕು. ಅಪ್ಪನ ಸೈನನ್ನೂ ಹಾಗೇ ಗುರುತಿಸಬೇಕು, ಅದಕ್ಕೆ ಬ್ಯಾಂಕಿನವರು ಸಿಕ್ಕಿದ್ದಾರೆ. ಶಂಕರಲಿಂಗಪ್ಪನವರಿಗೆ ಮಕ್ಕಳುಮರಿ ಇಲ್ಲ, ಅವರ ಅಕ್ಷರ ಗುರುತಿಸುವವರು ಒಬ್ಬರೂ ಉಳಿದಿಲ್ಲ. ಉಳಿದದ್ದು ಹಬೀಬ್ ಸಾಬರ ಸೈನು, ಅದು ಉರ್ದುವಿನಲ್ಲಿದೆ.

ಪ್ರಭುದೇವನ ಕಡೆಯವರು ಹಿಡಿದಿರುವುದೂ ಅದನ್ನೇ. ಗೋದಾಮಿನ ರಸೀದಿಗಳಲ್ಲೆಲ್ಲಾ ಸಾಬರು ಕನ್ನಡದಲ್ಲೇ ಸೈನು ಮಾಡಿದ್ದಾರೆ, ಉಯಿಲಿನಲ್ಲಿ ಮಾತ್ರ ಉರ್ದು ಹೇಗೆ ಬಂತು ಅನ್ನುತ್ತಾರೆ. ಹೇಗೆ ಬಂತು ಅನ್ನುವುದು ನಿನಗೆ ಗೊತ್ತು. ನಿನ್ನ ನಿಕಾಹಿನ ಕಾಗದಕ್ಕೆ ಅವರು ಹಾಕಿದ್ದು ಆ ಸೈನನ್ನೇ. ವ್ಯಾಪಾರಕ್ಕೆ ಕನ್ನಡ, ದೇವರು ನೋಡುತ್ತಾನೆ ಅನ್ನುವಂಥ ಕೆಲಸಕ್ಕೆ ಉರ್ದು. ಆ ದಿನ ನಾನು ಕಾಫಿ ತಂದಿಟ್ಟಾಗ ಪೆನ್ನಿನ ತುದಿಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. "ರೇಣುಕಯ್ಯ, ಇದು ಮಗಳ ಮನೆ ಮಾತು. ಇದಕ್ಕೆ ನಮ್ ಅಬ್ಬಾ ಕಲ್ಸಿದ್ ಸೈನೇ ಹಾಕ್ತೀನಿ" ಅಂದು, ಬಿಸ್ಮಿಲ್ಲಾ ಹೇಳಿ ಬರೆದರು. ನನ್ನನ್ನೂ ಮಗಳು ಅಂದರಲ್ಲ ಅಂತ ಅಡುಗೆಮನೆಗೆ ಹೋಗಿ ಅತ್ತುಬಿಟ್ಟಿದ್ದೆ. ಆದರೆ ನಾನು ಹೇಳಿದರೆ ನಡೆಯುವುದಿಲ್ಲ, ಮನೆ ಬರುವುದೇ ನನಗಲ್ಲವೇ. ನೀನು ಬಂದು ಹೇಳಬೇಕು.

ಕಷ್ಟವಿರುವುದೂ ಇಲ್ಲೇ. ನಿನ್ನ ಮಗ ಇಸ್ರಾರ್ ಹುಣಸೆಹಣ್ಣು ತುಂಬುವುದು ಪ್ರಭುದೇವನ ಗೋದಾಮಿನಲ್ಲಿ. ನೀನು ಸಾಕ್ಷಿಕಟ್ಟೆ ಹತ್ತಿ ಇಳಿಯುವುದರೊಳಗೆ ಅವನು ಖಾಲಿ ಮಾಡು ಅನ್ನಬಹುದು. ಹಣ್ಣು ಬರುವ ಕಾಲದಲ್ಲಿ ಸಿರಾದಲ್ಲಿ ಇನ್ನೊಂದು ಗೋದಾಮು ಸಿಗುತ್ತದೆಯೇ? ಮಗ ತಾನೇ ತಲೆಯೆತ್ತಿ ನಿಲ್ಲುತ್ತಿದ್ದಾನೆ, ಅವನ ಅನ್ನಕ್ಕೆ ನಾನು ಕಲ್ಲು ಹಾಕಲಾರೆ. ಪ್ರಭುದೇವ್ ಕೆಟ್ಟವನು ಅಂತಲೂ ಅಲ್ಲ. ಮನೆ ಅಕ್ಕನಿಗೆ ಅಂತ ಅಪ್ಪ ಅವನಿಗೆ ಬಾಯಿಬಿಟ್ಟು ಹೇಳಲಿಲ್ಲ, ಉಯಿಲಿನಲ್ಲಿ ಕಾರಣವನ್ನೂ ಬರೆಸಲಿಲ್ಲ. ತನ್ನ ಬೆನ್ನಹಿಂದೆ ನಡೆಯಿತು ಅನ್ನುವ ನೋವು ಅವನದು.

ಅದಕ್ಕೇ ಕಾಗದ ಬರೆದೆ. ಇಸ್ರಾರ್ ಜೊತೆ ಕೂತು ಮಾತಾಡು. ಆಗುವುದಿಲ್ಲ ಅನಿಸಿದರೆ ಬಿಟ್ಟುಬಿಡು. ನೀನು ಬರದಿದ್ದರೂ ನನಗೆ ಬೇಜಾರಿಲ್ಲ. ನಮ್ಮ ಸ್ನೇಹ ಒಂದು ಮನೆಗಿಂತ ದೊಡ್ಡದು.

ಕೈಕಾಲು ಗಟ್ಟಿಯಿರುವ ತನಕ ನಿನ್ನವಳು,
ಚನ್ನಮಲ್ಲಮ್ಮ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಪ್ರಭುದೇವ್ ಬಂದಿದ್ದ. ಮನೆ ಮಾರಿಬಿಡೋಣ, ನೀನು ನಮ್ಮ ಮಹಡಿಯ ಮೇಲಿನ ಕೋಣೆಗೆ ಬಂದಿರು ಅಂದ. ಮಿಷನ್ ಎಲ್ಲಿಡಲಿ ಅಂತ ಕೇಳಿದೆ. "ಇನ್ನೂ ಎಷ್ಟ್ ದಿನ ಅಂತ ಹೊಲೀತೀಯ, ಬುಡಕ್ಕ" ಅಂದ. ಪ್ರೀತಿಯಿಂದಲೇ ಅಂದ. ಅವನು ಹೋದ ಮೇಲೆ ಈ ಕಾಗದವನ್ನು ಮತ್ತೆ ಬಿಚ್ಚಿಕೊಂಡು ಕೂತೆ. ಬೇಜಾರಿಲ್ಲ ಅಂತ ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು ಕಣೇ. ನೀನು ಬರದಿದ್ದರೆ ನನಗೆ ಬೇಜಾರಾಗುತ್ತದೆ, ಸಾಯುವ ತನಕ ಆಗುತ್ತದೆ. ಫೆಬ್ರವರಿ ಆರಕ್ಕೆ ತಾರೀಖು ಕೊಟ್ಟಿದ್ದಾರೆ. ಬಾ, ಗೌಹರ್.