ತಿರುಪು ಬಿಗಿಯಾಗಿತ್ತು

ಮಾರ್ಚ್ ೧೪

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ಬಂದು ಒಂದೂವರೆ ತಿಂಗಳಾಯಿತು. ದಿನವೂ ಕಣ್ಣಿಗೆ ಬೀಳುವಲ್ಲೇ ಇಟ್ಟುಕೊಂಡಿದ್ದೆ, ಉತ್ತರ ಬರೆಯಲಿಲ್ಲ. ಬೇಜಾರಾಗಬೇಡ. ಎಡಗೈಯ ಬೆರಳುಗಳು ಅಂಗಿಯ ಗುಂಡಿ ಹಾಕುವಷ್ಟು ಮಡಚುತ್ತಿವೆ ಎಂದು ಓದಿ ಸಮಾಧಾನವಾಯಿತು. ಕೊನೆಯಲ್ಲಿ ಮಾತ್ರ ಈ ಸಲವೂ ಅದೇ ಸಾಲು: ‘ಆ ಗ್ಲ್ಯಾಂಡನ್ನು ಇನ್ನೂ ಅರ್ಧ ಸುತ್ತು ಬಿಗಿಯಬೇಕಿತ್ತು.’

ಫ್ಯಾಕ್ಟರಿಯಲ್ಲಿ ಬಣ್ಣದ ಥಿನ್ನರ್ ಇಡುವ ಕೋಣೆಗೆ ಹೊಸ ವೈರಿಂಗ್ ನಡೆದಿದೆ, ಸರಿಯಿದೆ ಎಂದು ಸಹಿ ಹಾಕಬೇಕಾದವಳು ನಾನು. ಸ್ವಿಚ್ಚಿನ ಪೆಟ್ಟಿಗೆಯೊಳಗೆ ಕಿಡಿ ಹೊತ್ತಿದರೂ ಹೊರಗಿನ ಆವಿಗೆ ತಾಗಬಾರದು. ಅದನ್ನು ನಿನಗೆ ನಾನು ಹೇಳಬೇಕಾದ್ದಿಲ್ಲ. ಕೇಬಲ್ ಒಳಹೋಗುವ ಬಾಯಿಗೆ ತಿರುಗಿಸಿ ಬಿಗಿಯುವ ಮಾಮೂಲಿ ಹಿತ್ತಾಳೆ ಗ್ಲ್ಯಾಂಡ್ ತರಿಸಿದ್ದಾರೆ. ಒಂದೊಂದು ಎಳೆಯ ಸುತ್ತಲೂ ಅಂಟನ್ನು ನಾದಿ ತುಂಬಿ ಗಟ್ಟಿಯಾಗಿಸುವ ಗ್ಲ್ಯಾಂಡೇ ಆಗಬೇಕು ಎಂದೆ.

ಮ್ಯಾನೇಜರು ನಕ್ಕರು. “ಏನಮ್ಮಾ, ಹಿಟ್ಟು ನಾದೋಕೆ ಫ್ಯಾಕ್ಟರಿಗೆ ಬರ್ತೀರಾ?”

“ಮನೇಲಿ ನಾದೋದು ಬಿಟ್ಟು ಎಷ್ಟೋ ವರ್ಷ ಆಯ್ತು ಸಾರ್. ಇಲ್ಲಾದ್ರೂ ನಾದ್ತೀನಿ.”

“ಸೋಮವಾರ ಸಹಿ ಬೀಳದಿದ್ರೆ ನಿಮ್ಮ ಕುರ್ಚೀಲಿ ಬೇರೆಯವರು ಕೂರ್ತಾರೆ.”

“ಕೂರಲಿ. ಪೆನ್ನು ಅವರದೇ ತರಲಿ.”

ಸಹಿ ಹಾಕುವುದಿಲ್ಲ. ಕಾರಣವಿದೆ. ಹೋದ ತಿಂಗಳು ಉಗ್ರಾಣದ ಮೂಲೆಯಲ್ಲಿ, ಆರು ವರ್ಷದ ಹಿಂದೆ ನಿನ್ನ ಕೈಯೊಂದಿಗೆ ಸುಟ್ಟ, ನೀನೇ ಕೂರಿಸಿದ್ದ ಸ್ವಿಚ್ಚಿನ ಪೆಟ್ಟಿಗೆ ಸಿಕ್ಕಿತು. ವಿಚಾರಣೆಗೆ ಬಂದವರು ಅದನ್ನು ಬಿಚ್ಚಿಯೇ ಇರಲಿಲ್ಲ. ಫಿಟ್ಟರ್ ಸರಿಯಾಗಿ ಬಿಗಿದಿಲ್ಲ ಎಂದು ಬರೆದರು, ನೀನೂ ತಲೆಯಾಡಿಸಿದೆ. ಈಗ ಬಿಚ್ಚಲು ಹೋದರೆ ಉಗ್ರಾಣದವನೂ ನಾನೂ ಇಬ್ಬರೂ ಸ್ಪ್ಯಾನರಿಗೆ ಜೋತುಬೀಳಬೇಕಾಯಿತು. “ಯಾರಪ್ಪಾ ಇದನ್ನ ಬಿಗಿದೋನು, ರಾಕ್ಷಸ” ಎಂದು ಅವನು ಕೈ ಉಜ್ಜಿಕೊಂಡ. ನನ್ನ ತಮ್ಮ ಎಂದೆ.

ತಿರುಪಿನ ಸುತ್ತುಗಳಲ್ಲಿ ಮಸಿಯ ಸುಳಿವೇ ಇಲ್ಲ. ಕೇಬಲ್ ಸೀಳಿದೆವು. ಎಳೆಗಳ ಸಂದಿನಲ್ಲಿ ಗೇಣುದ್ದ ಕಪ್ಪು. ಬೆಂಕಿ ಕೇಬಲ್ಲಿನ ಒಳಗಿಂದಲೇ ಆಚೆ ನಡೆದುಹೋಗಿತ್ತು. ಕೇಬಲ್ಲಿನ ಹೊರಮೈಯನ್ನಷ್ಟೇ ಹಿಡಿಯುವ ಮಾಮೂಲಿ ಗ್ಲ್ಯಾಂಡನ್ನು ಹತ್ತು ಸುತ್ತು ಹೆಚ್ಚಿಗೆ ಬಿಗಿದಿದ್ದರೂ ಅದು ನಿಲ್ಲುತ್ತಿರಲಿಲ್ಲ. ನಿನ್ನ ಕೈ ತಪ್ಪಿರಲಿಲ್ಲ.

ಮತ್ತೆ ಸ್ಪ್ಯಾನರ್ ಹಿಡಿ ಎನ್ನುವುದಿಲ್ಲ, ಅದು ನಿನ್ನಿಷ್ಟ. ಆ ಸಾಲನ್ನು ಮಾತ್ರ ಇನ್ನು ಬರೆಯಬೇಡ. ನೆಮ್ಮದಿಯಾಗಿ ನಿದ್ದೆ ಬರಲಿ ನಿನಗೆ.

ನಿನ್ನ
ಅಕ್ಕ

ತಾ.ಕ.: ಪೆಟ್ಟಿಗೆಯ ಜೊತೆ ಅಂದಿನ ಸಾಮಾನಿನ ಪಟ್ಟಿಯೂ ಇತ್ತು. ಸೋಮವಾರ ಅದನ್ನೂ ಮ್ಯಾನೇಜರ ಮೇಜಿನ ಮೇಲಿಡುತ್ತೇನೆ. ಗ್ಲ್ಯಾಂಡ್ ಎಂಬಲ್ಲಿ ‘ಮಾಮೂಲಿ’ ಎಂದು ಬರೆದ ಅಕ್ಷರ ನನ್ನದು. ನೀನು ಬಾಗಿಲಲ್ಲಿ ನಿಂತು “ಅಕ್ಕಾ, ಇದು ಸಾಕಾ?” ಎಂದು ಕೇಳಿದ್ದೆ. ನಾನು ತಲೆಯೆತ್ತದೆ ಹೇಳಿದ್ದೆ: “ಸಾಕು, ಬಿಗಿಯಾಗಿ ಹಾಕು.”